ಅಳಿಸಲಾಗದ ಲೆಕ್ಕವೂ ಅನ್ನದ ಸತ್ಯವೂ

ಮನುಷ್ಯನು ತಾನು ಬೆಳೆದುದನ್ನು ತಾನೇ ಉಣ್ಣುತ್ತಿದ್ದ ಕಾಲದಲ್ಲಿ ಅನ್ನಕ್ಕೆ ಸಾಕ್ಷಿ ಬೇಕಾಗಿರಲಿಲ್ಲ. ಹೊಲವೂ ಒಲೆಯೂ ಒಂದೇ ಮನೆಯವಾಗಿದ್ದುವು. ಮುಂದೆ ನೆರೆಯವನ ಕಣದಿಂದ ಧಾನ್ಯ ಬಂದಾಗ ನೆರೆಯವನ ಮುಖವೇ ಸಾಕ್ಷಿಯಾಯಿತು. ವಾರದ ಸಂತೆಯಲ್ಲಿ ಕೊಂಡಾಗ, ಮುಂದಿನ ವಾರವೂ ಅದೇ ಜಾಗದಲ್ಲಿ ಬಂದು ಕುಳಿತುಕೊಳ್ಳಬೇಕಾದ ಮಾರಾಟಗಾರನ ನಾಚಿಕೆಯೇ ಸಾಕ್ಷಿಯಾಯಿತು. ಇಂದಾದರೋ ಬೆಳೆಯುವವನಿಗೂ ಉಣ್ಣುವವನಿಗೂ ನಡುವೆ ದಲ್ಲಾಳಿ, ಮಂಡಿ, ಲಾರಿ, ಉಗ್ರಾಣ, ಹಡಗು, ಅಂಗಡಿ ಎಂದು ಹತ್ತು ಕೈಗಳು ಸೇರಿಕೊಂಡಿವೆ. ಮುಖ ಕಾಣದವನು ಬೆಳೆದುದನ್ನು, ಹೆಸರರಿಯದವನು ಸಾಗಿಸಿದುದನ್ನು ನಾವು ಪ್ರತಿದಿನವೂ ಬಾಯಿಗಿಡುತ್ತೇವೆ. ಈ ನಂಬಿಕೆಗೆ ಆಧಾರವೇನು?

ಈ ಪ್ರಶ್ನೆಗೆ ನಮ್ಮ ಕಾಲದ ವಿಜ್ಞಾನವು ಒಂದು ಉತ್ತರವನ್ನು ಮುಂದಿಟ್ಟಿದೆ. ಅದರ ಹೆಸರು ಬ್ಲಾಕ್‌ಚೈನ್. ಅದನ್ನು ಕನ್ನಡದಲ್ಲಿ 'ಸರಪಣಿ ಲೆಕ್ಕ' ಎಂದು ಕರೆದರೆ ಅರ್ಥಕ್ಕೆ ಚ್ಯುತಿಯಾಗದು. ಹೊಲದಿಂದ ತಟ್ಟೆಯವರೆಗೆ ಆಹಾರವು ಬರುವ ದಾರಿಯ ಪ್ರತಿಯೊಂದು ಹೆಜ್ಜೆಯನ್ನೂ ಯಾರೂ ಅಳಿಸಲಾಗದಂತೆ ಬರೆದಿಡುವುದು ಇದರ ಉದ್ದೇಶ. ಇದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು, ಇದನ್ನು ಒಪ್ಪಿಕೊಳ್ಳುವವರ ಮೇಲೆ ಬೀಳುವ ಧರ್ಮವಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಷಯವು ಯಂತ್ರಕ್ಕೆ ಸಂಬಂಧಿಸಿದುದಾದರೂ ಪ್ರಶ್ನೆಯು ನೀತಿಗೆ ಸಂಬಂಧಿಸಿದುದು. ಆದುದರಿಂದ ಅದು ಉಪಾಧ್ಯಾಯರ ಮತ್ತು ವಿದ್ಯಾರ್ಥಿಗಳ ವಿಚಾರಕ್ಕೂ ಯೋಗ್ಯವಾದುದು.

ಮೊದಲು ಸರಪಣಿ ಲೆಕ್ಕದ ಸ್ವರೂಪವನ್ನು ತಿಳಿಯೋಣ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆಂದು ಭಾವಿಸಿರಿ. ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನು ನಲವತ್ತು ಮಂದಿಯೂ ತಮ್ಮ ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಒಬ್ಬನು ತನ್ನ ಪುಸ್ತಕದಲ್ಲಿ ನೂರನ್ನು ನೂರಹತ್ತೆಂದು ತಿದ್ದಿದರೆ ಉಳಿದ ಮೂವತ್ತೊಂಬತ್ತು ಪುಸ್ತಕಗಳೂ ಅವನ ವಿರುದ್ಧ ಸಾಕ್ಷಿ ಹೇಳುತ್ತವೆ. ಇದು ಮೊದಲನೆಯ ಉಪಾಯ: ಲೆಕ್ಕವು ಒಬ್ಬನ ಪೆಟ್ಟಿಗೆಯಲ್ಲಿರದೆ ಅನೇಕರ ಕೈಯಲ್ಲಿರುವುದು. ಎರಡನೆಯ ಉಪಾಯವು ಇನ್ನೂ ಸೂಕ್ಷ್ಮವಾದುದು. ಪ್ರತಿಯೊಂದು ಪುಟದಲ್ಲಿರುವ ಎಲ್ಲ ಅಕ್ಷರಗಳನ್ನೂ ಗಣಿತದ ಒಂದು ಕ್ರಮದಿಂದ ಅರೆದು, ಅದರಿಂದ ಒಂದು ಸಂಕೇತವನ್ನು ತೆಗೆಯುತ್ತಾರೆ. ಇದನ್ನು ಸಾರಾಂಕವೆನ್ನೋಣ. ಪುಟದಲ್ಲಿ ಒಂದು ಕೊಂಬು, ಒಂದು ಸೊನ್ನೆ ಬದಲಾದರೂ ಸಾರಾಂಕವು ಗುರುತು ಸಿಕ್ಕದಷ್ಟು ಬದಲಾಗಿಬಿಡುತ್ತದೆ. ಒಂದನೆಯ ಪುಟದ ಸಾರಾಂಕವನ್ನು ಎರಡನೆಯ ಪುಟದ ತಲೆಯ ಮೇಲೆ ಬರೆಯುತ್ತಾರೆ; ಎರಡನೆಯದನ್ನು ಮೂರನೆಯದರ ಮೇಲೆ. ಹೀಗೆ ಪುಟಕ್ಕೆ ಪುಟವು ಕೊಂಡಿಯಾಗಿ ಸೇರಿಕೊಳ್ಳುತ್ತದೆ. ಹಳೆಯ ಪುಟವೊಂದನ್ನು ಗುಟ್ಟಾಗಿ ತಿದ್ದಬೇಕೆನ್ನುವವನು ಅಲ್ಲಿಂದ ಮುಂದಿನ ಎಲ್ಲ ಪುಟಗಳನ್ನೂ, ಅದೂ ಎಲ್ಲರ ಪುಸ್ತಕಗಳಲ್ಲಿಯೂ, ತಿದ್ದಬೇಕಾಗುತ್ತದೆ. ಅದು ಸಾಧ್ಯವಿಲ್ಲದ ಮಾತು.

ಈ ವಿಚಾರವು ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1991ರಲ್ಲಿ ಹೇಬರ್ ಮತ್ತು ಸ್ಟಾರ್ನೆಟಾ ಎಂಬ ಇಬ್ಬರು ವಿಜ್ಞಾನಿಗಳು ಗಣಕಯಂತ್ರದ ಬರಹಗಳಿಗೆ ತಿದ್ದಲಾಗದ ಕಾಲಮುದ್ರೆಯನ್ನೊತ್ತುವ ಬಗೆಯನ್ನು ಪ್ರಕಟಿಸಿದರು. 1995ರಿಂದ ಅಂತಹ ಸಾರಾಂಕಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಹೀರಾತಿನ ಅಂಕಣದಲ್ಲಿ ವಾರವಾರವೂ ಅಚ್ಚು ಮಾಡಿಸಲಾಯಿತು. ಮನೆಮನೆಗೆ ಹೋದ ಪತ್ರಿಕೆಯನ್ನು ಹಿಂದಕ್ಕೆ ಕರೆದು ತಿದ್ದುವವರಾರು? 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರನ್ನಿಟ್ಟುಕೊಂಡ ಅಜ್ಞಾತ ವ್ಯಕ್ತಿಯು ಇದೇ ತತ್ತ್ವದ ಮೇಲೆ ಬಿಟ್‌ಕಾಯಿನ್ ಎಂಬ ನಾಣ್ಯವನ್ನು ಕಲ್ಪಿಸಿದನು. 2009ರ ಜನವರಿಯಲ್ಲಿ ಅದರ ಮೊದಲ ಕೊಂಡಿ ಹುಟ್ಟಿತು. ನಾಣ್ಯದ ಕಥೆಯು ನಮಗಿಲ್ಲಿ ಬೇಡ. ಹಣಕ್ಕಾಗಿ ಹುಟ್ಟಿದ ಉಪಾಯವು ಅನ್ನದ ಕಡೆಗೆ ತಿರುಗಿದ ಬಗೆಯೇ ನಮಗೆ ಮುಖ್ಯವಾದುದು.

ಹಾಗೆ ತಿರುಗಲು ಕಾರಣವಿತ್ತು. 2006ರಲ್ಲಿ ಅಮೆರಿಕದಲ್ಲಿ ಹಸಿಯ ಪಾಲಕ್ ಸೊಪ್ಪನ್ನು ತಿಂದು ಇನ್ನೂರು ಮಂದಿ ಕಾಯಿಲೆ ಬಿದ್ದರು, ಮೂವರು ಸತ್ತರು. ದೋಷವು ಯಾವ ಹೊಲದ್ದೆಂದು ಕೂಡಲೆ ತಿಳಿಯಲಿಲ್ಲ. ಆದುದರಿಂದ ಹಸಿಯ ಪಾಲಕನ್ನು ಯಾರೂ ತಿನ್ನಬಾರದೆಂದು ದೇಶಕ್ಕೆಲ್ಲ ಸಾರಬೇಕಾಯಿತು. ಮೂಲವು ಕೊನೆಗೆ ಕ್ಯಾಲಿಫೋರ್ನಿಯದ ಒಂದು ಹೊಲದ ಕಡೆಗೆ ಬೊಟ್ಟು ಮಾಡಿತು. ಅಷ್ಟರಲ್ಲಿ ತಪ್ಪಿಲ್ಲದ ನೂರಾರು ಹೊಲಗಳ ಸೊಪ್ಪು ಕೊಳೆತಿತ್ತು. ಒಬ್ಬನ ದೋಷಕ್ಕೆ ಎಲ್ಲರಿಗೂ ದಂಡ ಎಂಬ ಈ ಅನ್ಯಾಯಕ್ಕೆ ಮೂಲವು ಅಜ್ಞಾನವೇ ಹೊರತು ಕ್ರೌರ್ಯವಲ್ಲ. ಹತ್ತು ವರ್ಷಗಳ ತರುವಾಯ ವಾಲ್‌ಮಾರ್ಟ್ ಎಂಬ ಅಲ್ಲಿಯ ದೊಡ್ಡ ವ್ಯಾಪಾರ ಸಂಸ್ಥೆಯು ಒಂದು ಪರೀಕ್ಷೆಯನ್ನು ನಡೆಸಿತು. ತನ್ನ ಅಂಗಡಿಯಲ್ಲಿದ್ದ ಮಾವಿನ ಹೋಳುಗಳ ಪೊಟ್ಟಣವೊಂದು ಯಾವ ತೋಟದಿಂದ ಬಂದುದೆಂದು ಹಳೆಯ ಕಾಗದಪತ್ರಗಳಿಂದ ಕಂಡುಹಿಡಿಯಲು ಅದಕ್ಕೆ ಸುಮಾರು 7 ದಿನ ಹಿಡಿಯಿತು. ಸರಪಣಿ ಲೆಕ್ಕದಿಂದ ಅದೇ ಕೆಲಸವು 2.2 ಸೆಕೆಂಡುಗಳಲ್ಲಿ ಮುಗಿಯಿತು. 2018ರಲ್ಲಿ ಆ ಸಂಸ್ಥೆಯು ತನಗೆ ಸೊಪ್ಪು ಒದಗಿಸುವವರೆಲ್ಲರೂ ಮುಂದಿನ ವರ್ಷದೊಳಗೆ ಈ ಲೆಕ್ಕಕ್ಕೆ ಸೇರಬೇಕೆಂದು ವಿಧಿಸಿತು.

ಸೊಪ್ಪಿನ ಮಾತು ಬಂದುದರಿಂದ ದೂರದ ಕ್ಯಾಲಿಫೋರ್ನಿಯವನ್ನು ಬಿಟ್ಟು ನಾವಿರುವ ಕಾರಮಡೈಗೆ ಬರೋಣ. ರಂಗನಾಥಸ್ವಾಮಿಯ ಗುಡಿಯಿಂದ ಪ್ರಸಿದ್ಧವಾದ ಈ ಊರಿನ ಸುತ್ತಲೂ ಬಾಳೆ, ತೆಂಗು, ಅಡಿಕೆಗಳ ಜೊತೆಗೆ ಕರಿಬೇವಿನ ಬೇಸಾಯವು ವಿಶೇಷವಾಗಿದೆ. ಒಮ್ಮೆ ನೆಟ್ಟ ಗಿಡವು ಹಲವು ವರ್ಷ ಕೊಯ್ಲು ಕೊಡುತ್ತದೆ. ಇಲ್ಲಿಯ ಸೊಪ್ಪು ಕೇರಳಕ್ಕೂ ಕರ್ನಾಟಕಕ್ಕೂ, ಸಮುದ್ರದಾಚೆಗೂ ಹೋಗುತ್ತದೆ. ಒಗ್ಗರಣೆಯಲ್ಲಿ ಚಟಪಟನೆ ಸಿಡಿಯುವ ಈ ಎಲೆಯು ಊಟದಲ್ಲಿ ಎಷ್ಟು ಸಣ್ಣದೋ ವಿವಾದದಲ್ಲಿ ಅಷ್ಟು ದೊಡ್ಡದಾಗಿದೆ. ಯೂರೋಪಿನ ಒಕ್ಕೂಟವು ಭಾರತದಿಂದ ಬರುವ ಕರಿಬೇವನ್ನು, ಅದರಲ್ಲಿ ಉಳಿದಿರಬಹುದಾದ ಕೀಟನಾಶಕದ ಅಂಶಕ್ಕಾಗಿ, ಹೆಚ್ಚಿನ ತಪಾಸಣೆಯ ಪಟ್ಟಿಯಲ್ಲಿ ಸೇರಿಸಿದುದುಂಟು. 2015ರಲ್ಲಿ ಕೇರಳ ಸರ್ಕಾರವು ತಮಿಳುನಾಡಿನಿಂದ ಬರುವ ತರಕಾರಿಗಳ ಬಗೆಗೆ ಇದೇ ಆಕ್ಷೇಪವನ್ನೆತ್ತಿತು. ಇಲ್ಲಿಯೂ ಅದೇ ಅನ್ಯಾಯದ ಸಂಭವವುಂಟು. ಹತ್ತು ತೋಟಗಳ ಸೊಪ್ಪು ಒಂದೇ ಮೂಟೆಯಲ್ಲಿ ಬೆರೆತಮೇಲೆ, ಬೇವಿನ ಕಷಾಯವನ್ನಷ್ಟೇ ಸಿಂಪಡಿಸಿದವನೂ ವಿಷವನ್ನು ಸುರಿದವನೂ ಒಂದೇ ಬೆಲೆಗೆ, ಒಂದೇ ಅಪವಾದಕ್ಕೆ ಪಾಲುದಾರರಾಗುತ್ತಾರೆ. ಪ್ರಾಮಾಣಿಕನಿಗೆ ತನ್ನ ಪ್ರಾಮಾಣಿಕತೆಯನ್ನು ತೋರಿಸುವ ದಾರಿಯೇ ಇಲ್ಲ. ಹೆಸರುಳಿಸುವ ಲೆಕ್ಕವೊಂದು ಇದ್ದಿದ್ದರೆ ಅವನು ತಲೆಯೆತ್ತಿ ನಿಲ್ಲಬಹುದಾಗಿತ್ತು.

ಕನ್ನಡನಾಡಿನ ಕಾಫಿಯ ಕಥೆಯು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. 1942ರ ಕಾಫಿ ಕಾಯಿದೆಯಡಿ ಬೆಳೆಗಾರನು ತನ್ನ ಮನೆಬಳಕೆಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕುದನ್ನೆಲ್ಲ ಕಾಫಿ ಮಂಡಲಿಯ 'ಪೂಲ್' ಎಂಬ ಸಾಮಾನ್ಯ ರಾಶಿಗೆ ಒಪ್ಪಿಸಬೇಕಾಗಿತ್ತು. ಹಣವು ಕಂತುಕಂತಾಗಿ ಬರುತ್ತಿತ್ತು. ಬೆಲೆ ಕುಸಿದ ಕಾಲದಲ್ಲಿ ಆ ವ್ಯವಸ್ಥೆಯು ಸಣ್ಣ ಬೆಳೆಗಾರನಿಗೆ ಆಸರೆಯಾಯಿತೆಂಬುದನ್ನು ಮರೆಯಬಾರದು. ಆದರೆ ರಾಶಿಯಲ್ಲಿ ಬೆರೆತ ಬೀಜಕ್ಕೆ ಊರಿಲ್ಲ, ಹೆಸರಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ, 1996ರ ವೇಳೆಗೆ ಮಾರಾಟವು ಪೂರ್ಣವಾಗಿ ಮುಕ್ತವಾಯಿತು. ಬೆಳೆಗಾರನು ಸ್ವತಂತ್ರನಾದನು, ಆದರೆ ಬೀಜವು ವ್ಯಾಪಾರಿಯ ಗೋಣಿಯಲ್ಲಿ ಮತ್ತೆ ಹೆಸರು ಕಳೆದುಕೊಂಡಿತು. 2019ರ ಮಾರ್ಚ್ 28ರಂದು ಕಾಫಿ ಮಂಡಲಿಯು ಸರಪಣಿ ಲೆಕ್ಕವನ್ನು ಆಧರಿಸಿದ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬೆಳೆಗಾರನಿಗೂ ಕೊಳ್ಳುವವನಿಗೂ ನಡುವಿರುವ ಪದರಗಳನ್ನು ಕಡಿಮೆ ಮಾಡುವುದು, ನ್ಯಾಯವಾದ ಬೆಲೆಯನ್ನು ದೊರಕಿಸುವುದು ಅದರ ಉದ್ದೇಶವೆಂದು ಸಾರಲಾಯಿತು. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. 2021ರಲ್ಲಿ ಸಾಂಬಾರ ಮಂಡಲಿಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಸೇರಿ ಆಂಧ್ರಪ್ರದೇಶದ ಮೆಣಸಿನಕಾಯಿ ಮತ್ತು ಅರಿಶಿನಗಳಿಗೆ ಇಂತಹುದೇ ಯತ್ನವನ್ನು ಕೈಗೊಂಡಿತು. ರಾಶಿಯಲ್ಲಿ ಕಳೆದುಹೋದ ಹೆಸರನ್ನು ಬೀಜಕ್ಕೆ ಮರಳಿಸುವುದು ಈ ಎಲ್ಲ ಯತ್ನಗಳ ತಿರುಳು.

ಇಷ್ಟರವರೆಗೆ ಗುಣಪಕ್ಷವಾಯಿತು. ಇನ್ನು ಗಂಟಿರುವ ಸ್ಥಳಕ್ಕೆ ಬರೋಣ. ಅಳಿಸಲಾಗದ ಲೆಕ್ಕ ಎಂದರೆ ಸತ್ಯವಾದ ಲೆಕ್ಕ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಇವೆರಡೂ ಒಂದೆಯೇ?

ಅಳಿಸಲಾಗದ ಬರಹವು ಕನ್ನಡಿಗರಿಗೆ ಹೊಸದಲ್ಲ. ಸುಮಾರು ಕ್ರಿ.ಶ. 450ರದೆಂದು ಪಂಡಿತರು ಗಣಿಸಿರುವ ಹಲ್ಮಿಡಿಯ ಶಾಸನವು ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಭೂಮಿಯನ್ನು ಕೊಟ್ಟ ದಾಖಲೆ. ಆ ದಾನಕ್ಕೆ ಕೈಹಚ್ಚಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಅದರಲ್ಲಿಯೇ ಉಂಟು. ನಮ್ಮ ಹಿರಿಯರು ಬರಹದ ರಕ್ಷಣೆಗೆ ಎರಡು ಕಾವಲನ್ನಿಟ್ಟರು: ಕಲ್ಲಿನ ಗಟ್ಟಿತನ ಒಂದು, ಪಾಪದ ಭಯ ಇನ್ನೊಂದು. ಆದರೂ ಏನಾಯಿತು? ತಾಮ್ರಪಟಗಳ ಮೇಲೆಯೇ ಕಳ್ಳ ಶಾಸನಗಳು ಹುಟ್ಟಿಕೊಂಡುವು. ಪಶ್ಚಿಮ ಗಂಗರ ಹೆಸರಿನಲ್ಲಿರುವ ಅನೇಕ ತಾಮ್ರಪಟಗಳು ಕೃತ್ರಿಮವಾದುವೆಂದು ಫ್ಲೀಟರು ವಾದಿಸಿದರು. ರೈಸರು ಅದನ್ನು ಒಪ್ಪಲಿಲ್ಲ. ಆ ಚರ್ಚೆಯು ಬಹುಕಾಲ ನಡೆಯಿತು. ಕೂಟಶಾಸನವನ್ನು ರಚಿಸುವವನಿಗೆ ಘೋರ ಶಿಕ್ಷೆಯನ್ನು ಮನುಸ್ಮೃತಿಯು ವಿಧಿಸಿರುವುದನ್ನು ನೋಡಿದರೆ ಈ ರೋಗವು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ತಾತ್ಪರ್ಯವಿಷ್ಟೆ: ತಾಮ್ರವು ತನ್ನ ಮೇಲೆ ಬರೆದುದನ್ನು ಸಾವಿರ ವರ್ಷ ಕಾಪಾಡುತ್ತದೆ, ಬರೆದುದು ನಿಜವೋ ಸುಳ್ಳೋ ಎಂದು ಅದು ಕೇಳುವುದಿಲ್ಲ. ಸರಪಣಿ ಲೆಕ್ಕವೂ ಒಂದು ಹೊಸ ತಾಮ್ರಪಟವೇ. ಅದು ಸತ್ಯಕ್ಕೆ ಎಷ್ಟು ನಿಷ್ಠೆಯಿಂದ ಕಾವಲು ನಿಲ್ಲುತ್ತದೆಯೋ ಸುಳ್ಳಿಗೂ ಅಷ್ಟೇ ನಿಷ್ಠೆಯಿಂದ ಕಾವಲು ನಿಲ್ಲುತ್ತದೆ. ಅಷ್ಟೇ ಅಲ್ಲ, ಕಾಗದದ ಸುಳ್ಳನ್ನು ಜನರು ಅನುಮಾನಿಸುತ್ತಾರೆ. ತಾಮ್ರದ ಸುಳ್ಳನ್ನು ನಂಬುತ್ತಾರೆ. ಆದುದರಿಂದ ಕಾವಲು ಬಲವಾದಷ್ಟೂ ಮೊದಲ ಅಕ್ಷರವನ್ನು ಬರೆಯುವವನ ಹೊಣೆಯು ಹೆಚ್ಚಾಗುತ್ತದೆ.

ಆ ಮೊದಲ ಅಕ್ಷರವನ್ನು ಬರೆಯುವವನಾರು? ಬೆಳೆಗಾರ. ಅವನ ಸ್ಥಿತಿಯನ್ನು ಕಲ್ಪಿಸಿಕೊಳ್ಳೋಣ. ಕರಿಬೇವಿಗೆ ಕೀಟ ಬಿದ್ದಿದೆ, ಔಷಧಿ ಹೊಡೆದಿದ್ದಾನೆ. ಹೊಡೆದ ಮೇಲೆ ಹದಿನೈದು ದಿನ ಕೊಯ್ಯಬಾರದೆಂದು ಡಬ್ಬಿಯ ಮೇಲೆ ಬರೆದಿದೆ ಎನ್ನೋಣ. ಎಂಟನೆಯ ದಿನ ಬೆಲೆ ಏರುತ್ತದೆ. ವ್ಯಾಪಾರಿಯು ಆಳುಗಳೊಡನೆ ತೋಟದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇಂದು ಕೊಯ್ದರೆ ಸಾಲದ ಕಂತು ತೀರುತ್ತದೆ. ಇನ್ನೊಂದು ವಾರ ಕಾದರೆ ಬೆಲೆಯೂ ಇರಲಾರದು, ವ್ಯಾಪಾರಿಯೂ ಬರಲಾರನು. ಈಗ ಲೆಕ್ಕವು ಕೇಳುತ್ತದೆ: 'ಔಷಧಿ ಹೊಡೆದುದು ಎಂದು?' ಅವನು ನಿಜವನ್ನು ಬರೆದರೆ ಮಾಲು ನಿಲ್ಲುತ್ತದೆ. ಸುಳ್ಳನ್ನು ಬರೆದರೆ ಮಾಲು ಹೋಗುತ್ತದೆ. ಆ ಸುಳ್ಳು ಅಳಿಯದೆ ನಿಲ್ಲುತ್ತದೆ. ಇಲ್ಲಿ ಯಂತ್ರವು ಅವನಿಗೆ ಯಾವ ಸಹಾಯವನ್ನೂ ಮಾಡಲಾರದು. ಆ ಗಳಿಗೆಯಲ್ಲಿ ಅವನ ಜೊತೆಗಿರುವುದು ಅವನ ಅಂತಃಸಾಕ್ಷಿಯೊಂದೇ; ಅವನೆದುರಿಗಿರುವುದು ಅವನ ಬಡತನ.

ಬರೆಯುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಿದರಾಯಿತಲ್ಲ ಎಂದು ಕೆಲವರು ಹೇಳಬಹುದು. ಶಾಖವನ್ನು ಅಳೆಯುವ ಯಂತ್ರ, ತೂಕವನ್ನು ತಾನೇ ದಾಖಲಿಸುವ ತಕ್ಕಡಿ, ಹೊಲವನ್ನು ಆಕಾಶದಿಂದ ನೋಡುವ ಉಪಗ್ರಹ ಇವೆಲ್ಲ ಇವೆ, ನಿಜ. ಆದರೆ ಯಂತ್ರವನ್ನು ಎಲ್ಲಿ ಇಡಬೇಕೆಂಬುದನ್ನು ನಿರ್ಧರಿಸುವವನು ಮನುಷ್ಯನು. ಚೀಲದ ಮೇಲಿನ ಗುರುತನ್ನು ಯಂತ್ರವು ಓದಬಲ್ಲುದು; ಆ ಗುರುತನ್ನು ಬೇರೊಂದು ಚೀಲಕ್ಕೆ ಅಂಟಿಸಿದ ಕೈಯನ್ನು ಅದು ಕಾಣಲಾರದು. ತಕ್ಕಡಿಯ ಮೋಸಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ದಂಡವಿದೆ. ಅಂದಿನಿಂದ ಇಂದಿನವರೆಗೆ ತಕ್ಕಡಿಗಳು ಸುಧಾರಿಸಿವೆ. ತೂಗುವವರ ಮೇಲಿನ ಕಣ್ಗಾವಲನ್ನು ಯಾವ ಸರ್ಕಾರವೂ ಇನ್ನೂ ತೆಗೆದುಹಾಕಿಲ್ಲ.

ಈಗ ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ನಮ್ಮ ಅಭಿಪ್ರಾಯದಲ್ಲಿ ಇದೇ ಮುಖ್ಯವಾದ ಪ್ರಶ್ನೆ. ಈ ಲೆಕ್ಕವು ಯಾರನ್ನು ನೋಡುತ್ತದೆ? ಮಾವಿನ ಹೋಳು ಯಾವ ತೋಟದ್ದೆಂದು 2.2 ಸೆಕೆಂಡುಗಳಲ್ಲಿ ತಿಳಿಯಿತು. ಆದರೆ ಕೊಂಡವನು ಕೊಟ್ಟ ಹಣದಲ್ಲಿ ಆ ತೋಟಕ್ಕೆ ಸೇರಿದುದೆಷ್ಟೆಂಬುದು ಎಷ್ಟು ಸೆಕೆಂಡುಗಳಲ್ಲಿ ತಿಳಿಯುತ್ತದೆ? ಆ ಪ್ರಶ್ನೆಯನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ. ಅಂಗಡಿಯಲ್ಲಿ ನಿಂತು ತೋಟವನ್ನು ನೋಡುವ ಕಿಟಕಿಯುಂಟು. ತೋಟದಲ್ಲಿ ನಿಂತು ಅಂಗಡಿಯನ್ನು ನೋಡುವ ಕಿಟಕಿಯಿಲ್ಲ. ಬೆಳೆಗಾರನು ಯಾವ ದಿನ ಯಾವ ಔಷಧಿ ಹೊಡೆದನೆಂಬುದು ಲೋಕಕ್ಕೆಲ್ಲ ಗೊತ್ತಾಗಬೇಕು. ಅವನ ಸೊಪ್ಪಿನ ತೂಕದಲ್ಲಿ ಎಷ್ಟು ಕಳೆದರು, ಕಮಿಷನ್ ಎಷ್ಟು ಹಿಡಿದರು, ಮುಂದಿನ ಊರಿನಲ್ಲಿ ಅದು ಯಾವ ಬೆಲೆಗೆ ಮಾರಾಟವಾಯಿತು ಎಂಬುದು ಅವನಿಗೇ ಗೊತ್ತಾಗಬೇಕಿಲ್ಲ! 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯು ಹೊಸ ಯಂತ್ರದಲ್ಲಿಯೂ ನಿಜವಾಗುವುದಾದರೆ ಯಂತ್ರದಿಂದ ಬಂದ ಭಾಗ್ಯವೇನು? ಪಾರದರ್ಶಕತೆಯೆಂಬುದು ಗಾಜಿನ ಗುಣ. ಗಾಜಿನ ಮೂಲಕ ಎರಡು ಕಡೆಯವರೂ ನೋಡಬಹುದು. ಒಂದೇ ಕಡೆಯವರು ನೋಡಬಹುದಾದುದು ಗಾಜಲ್ಲ, ಬೇಹುಗಾರನ ಬಾಗಿಲಿನ ಕಂಡಿ.

ಈ ಲೆಕ್ಕದಲ್ಲಿ ಎಂದೂ ಹೆಸರು ಬಾರದವರೂ ಇದ್ದಾರೆಂಬುದನ್ನು ನೆನೆಯಬೇಕು. ಬೆನ್ನಿಗೆ ಡಬ್ಬಿಯನ್ನು ಕಟ್ಟಿಕೊಂಡು ಔಷಧಿ ಹೊಡೆದ ಕೂಲಿಯವನ ಶ್ವಾಸಕೋಶಕ್ಕೆ ಏನಾಯಿತೆಂದು ಯಾವ ಕೊಂಡಿಯೂ ಹೇಳುವುದಿಲ್ಲ. ಬೆಳಗಿನಿಂದ ಬಗ್ಗಿ ಸೊಪ್ಪು ಕೊಯ್ದ ಹೆಣ್ಣಾಳಿನ ಕೂಲಿ ಅಂದೇ ಸಂದಿತೋ ಇಲ್ಲವೋ ಎಂಬುದಕ್ಕೆ ಯಾವ ಪುಟವೂ ಇಲ್ಲ. ಸೊಪ್ಪಿನ ಇತಿಹಾಸವನ್ನು ಬರೆಯುವವರು ಸೊಪ್ಪನ್ನು ಮುಟ್ಟಿದ ಕೈಗಳ ಇತಿಹಾಸವನ್ನು ಬಿಟ್ಟುಬಿಟ್ಟರೆ ಅದು ಅರ್ಧಸತ್ಯವಾಗುತ್ತದೆ. ಅರ್ಧಸತ್ಯವನ್ನು ಅಳಿಸಲಾಗದಂತೆ ಬರೆದರೆ ಅದು ಪೂರ್ಣಸತ್ಯವೆಂಬ ವೇಷವನ್ನು ತೊಡುತ್ತದೆ.

ಬರಹದ ಭಾಷೆಯ ವಿಚಾರವು ನಮ್ಮಂತಹ ಗಡಿನಾಡಿನವರಿಗೆ ಇನ್ನೂ ಹತ್ತಿರದ್ದು. ಈ ಸೀಮೆಯಲ್ಲಿ ಮನೆಯಲ್ಲಿ ಕನ್ನಡವನ್ನಾಡುವ ಬೇಸಾಯಗಾರರೂ ನೇಕಾರರೂ ತಲೆಮಾರುಗಳಿಂದ ಇದ್ದಾರೆ. ಅವರು ಸಂತೆಯಲ್ಲಿ ತಮಿಳನ್ನಾಡುತ್ತಾರೆ; ರಫ್ತಿನ ಕಾಗದಗಳು ಇಂಗ್ಲಿಷಿನಲ್ಲಿರುತ್ತವೆ. ಅಂಗೈಯಲ್ಲಿರುವ ಫೋನಿನ ಮೇಲೆ ಮೂಡಿದ ಪ್ರಶ್ನೆಯನ್ನು ಓದಲಾರದ ಬೆಳೆಗಾರನು ಏನು ಮಾಡುತ್ತಾನೆ? 'ನೀನೇ ತುಂಬಪ್ಪ' ಎಂದು ವ್ಯಾಪಾರಿಯ ಕಡೆಯ ಹುಡುಗನ ಕೈಗೆ ಕೊಡುತ್ತಾನೆ. ಲೆಕ್ಕದಲ್ಲಿ ಹೆಸರು ಇವನದು, ಅಕ್ಷರ ಮತ್ತೊಬ್ಬನದು. ಹಿಂದೆ ಸಾಹುಕಾರನ ಪತ್ರದ ಕೆಳಗೆ ಓದುಬಾರದವನು ಹೆಬ್ಬೆಟ್ಟನ್ನೊತ್ತುತ್ತಿದ್ದನು. ಮೇಲೆ ಬರೆದ ಮೊತ್ತವು ಹತ್ತೋ ನೂರೋ ಅವನಿಗೆ ತಿಳಿಯುತ್ತಿರಲಿಲ್ಲ. ಆ ಹೆಬ್ಬೆಟ್ಟಿನಿಂದ ಎಷ್ಟು ಹೊಲಗಳು ಕೈಬಿಟ್ಟುವೆಂಬುದನ್ನು ಹಳ್ಳಿಯ ಹಿರಿಯರು ಬಲ್ಲರು. ತನ್ನ ಹೆಸರಿನಲ್ಲಿ ಬರೆದುದನ್ನು ತಾನು ಓದಲಾರದವನ ಪಾಲಿಗೆ ಸರಪಣಿ ಲೆಕ್ಕವು ಹೊಸ ಹೆಬ್ಬೆಟ್ಟೇ ಆಗುತ್ತದೆ. ಭೇದವಿಷ್ಟೆ, ಹಳೆಯ ಹೆಬ್ಬೆಟ್ಟನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾಗಿತ್ತು. ಇದನ್ನು ಪ್ರಶ್ನಿಸಹೋದರೆ 'ಗಣಿತವು ಸುಳ್ಳು ಹೇಳುವುದಿಲ್ಲ' ಎಂಬ ಉತ್ತರವು ಸಿದ್ಧವಾಗಿರುತ್ತದೆ.

ತಪ್ಪಿಗೆ ತಿದ್ದುಪಡಿಯ ದಾರಿ ಯಾವುದೆಂಬುದೂ ವಿಚಾರಾರ್ಹವಾದುದು. ನಮ್ಮ ವರ್ತಕರು ಹಿಂದೆ ಕಡತವೆಂಬ ಲೆಕ್ಕದ ಪುಸ್ತಕವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಹೀಗೆ ನಮ್ಮ ನಾಡಿನಲ್ಲಿ ಅಳಿಯಬಾರದ ಶಾಸನವೂ ಅಳಿಸಬಹುದಾದ ಕಡತವೂ ಜೊತೆಜೊತೆಯಾಗಿ ಬಾಳಿದುವು. ಎರಡರ ನಡುವಣ ಹಾದಿಯೊಂದನ್ನು ಉಪಾಧ್ಯಾಯರಾದ ನಾವು ಪ್ರತಿದಿನವೂ ಅನುಸರಿಸುತ್ತೇವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ತಪ್ಪಾದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪು ಕಾಣುವಂತೆಯೇ ಅಡ್ಡಗೆರೆಯೆಳೆದು, ಸರಿಯಾದುದನ್ನು ಬರೆದು, ರುಜು ಹಾಕಬೇಕು. ತಪ್ಪನ್ನು ಬಚ್ಚಿಡದೆ ತಿದ್ದಿಕೊಳ್ಳುವ ಈ ಕ್ರಮದಲ್ಲಿ ದೊಡ್ಡದೊಂದು ನೀತಿಯಿದೆ. ಸರಪಣಿ ಲೆಕ್ಕದಲ್ಲಿಯೂ ಹಳೆಯ ಪುಟವನ್ನು ಮುಟ್ಟದೆ ಹೊಸ ಪುಟದಲ್ಲಿ ತಿದ್ದುಪಡಿಯನ್ನು ಬರೆಯಬಹುದು. ಆದರೆ ಓದುವವನು ತಿದ್ದುಪಡಿಯನ್ನು ಪ್ರಾಮಾಣಿಕತೆಯ ಗುರುತೆಂದು ಭಾವಿಸುವನೋ ಅಪರಾಧದ ಗುರುತೆಂದು ಭಾವಿಸುವನೋ ಎಂಬುದು ಯಂತ್ರದ ಗುಣವಲ್ಲ, ಸಮಾಜದ ಗುಣ. ತಪ್ಪೊಪ್ಪಿದವನನ್ನು ಮಾರುಕಟ್ಟೆಯಿಂದ ಹೊರದೂಡುವ ಸಮಾಜದಲ್ಲಿ ಯಾರೂ ತಪ್ಪೊಪ್ಪಲಾರರು.

'ಅಳಿಸಲಾಗದ' ಎಂಬ ವಿಶೇಷಣದಲ್ಲಿ ಅಹಂಕಾರವೂ ಸ್ವಲ್ಪ ಬೆರೆತಿದೆ. ಮಾರ್ಸ್ಕ್ ಎಂಬ ಹಡಗಿನ ಸಂಸ್ಥೆಯೂ ಐಬಿಎಂ ಎಂಬ ಗಣಕಯಂತ್ರದ ಸಂಸ್ಥೆಯೂ ಸೇರಿ ಹಡಗುಗಳ ಸರಕಿಗಾಗಿ ಟ್ರೇಡ್‌ಲೆನ್ಸ್ ಎಂಬ ಸರಪಣಿ ಲೆಕ್ಕವನ್ನು ಕಟ್ಟಿದ್ದುವು. ಸಾಕಷ್ಟು ಸಹಕಾರವು ದೊರೆಯಲಿಲ್ಲವೆಂದು 2022ರ ನವೆಂಬರಿನಲ್ಲಿ ಅದನ್ನು ನಿಲ್ಲಿಸುವುದಾಗಿ ಘೋಷಿಸಿ, 2023ರಲ್ಲಿ ಮುಚ್ಚಿದುವು. ಕಾವಲುಗಾರರಿಗೆ ಸಂಬಳವಿರುವವರೆಗೆ ಮಾತ್ರ ಕಾವಲು. ಹಲ್ಮಿಡಿಯ ಕಲ್ಲಿಗೆ ಯಾರೂ ಸಂಬಳ ಕೊಡಲಿಲ್ಲ. ಅದು ಒಂದೂವರೆ ಸಾವಿರ ವರ್ಷ ನಿಂತಿತು. ಸಣ್ಣ ಬೆಳೆಗಾರನು ತನ್ನ ಮಾನವನ್ನೆಲ್ಲ ಒಂದು ಲೆಕ್ಕದಲ್ಲಿ ಒತ್ತೆಯಿಟ್ಟ ಮೇಲೆ ಲೆಕ್ಕದ ಒಡೆಯರು ಅಂಗಡಿ ಮುಚ್ಚಿದರೆ ಅವನ ಗತಿಯೇನೆಂಬುದನ್ನು ಮೊದಲೇ ಕೇಳಬೇಕು.

ಹಾಗಾದರೆ ಈ ಲೆಕ್ಕವನ್ನು ತಿರಸ್ಕರಿಸಬೇಕೆ? ಹಾಗೆ ಹೇಳುವುದು ನಮ್ಮ ಉದ್ದೇಶವಲ್ಲ. ಸಾಕ್ಷಿಯನ್ನು ಕೇಳುವುದು ನಂಬಿಕೆಗೆ ಅಪಮಾನವೆಂದು ತಿಳಿಯುವವರೂ ಉಂಟು. ಅದು ಸರಿಯಲ್ಲ. 'ಹೊಳೆಗೆ ಸುರಿದರೂ ಅಳೆದು ಸುರಿ' ಎಂದವರು ನಮ್ಮವರೇ. ಅಣ್ಣತಮ್ಮಂದಿರ ನಡುವೆಯೂ ಲೆಕ್ಕವು ಸ್ವಚ್ಛವಾಗಿದ್ದರೆ ಪ್ರೀತಿಯು ಉಳಿಯುತ್ತದೆ. ತಮಿಳುನಾಡಿನಲ್ಲಿ 1999ರಲ್ಲಿ ಆರಂಭವಾದ ಉಳವರ್ ಸಂದೈ ಎಂಬ ರೈತಸಂತೆಗಳನ್ನು ನೋಡಿರಿ. ಅಲ್ಲಿ ಬೆಳೆದವನೇ ಬಂದು ಮಾರುತ್ತಾನೆ. ಅವನು ನಿಜವಾಗಿ ಬೇಸಾಯಗಾರನೆಂದು ಅಧಿಕಾರಿಗಳು ವಿಚಾರಿಸಿ, ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಕೊಡುತ್ತಾರೆ. ಸಾಕ್ಷಿಯೂ ಉಂಟು, ಮುಖವೂ ಉಂಟು. ದಿನದ ಬೆಲೆಯನ್ನು ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುತ್ತಾರೆ. ಮಾರುವವನೂ ಕೊಳ್ಳುವವನೂ ಒಂದೇ ಹಲಗೆಯನ್ನು ಓದುತ್ತಾರೆ. ದೂರದ ವ್ಯಾಪಾರಕ್ಕೆ ಇಂತಹ ಸಂತೆಯು ಸಾಲದು, ನಿಜ. ಕರಿಬೇವು ಕಡಲಾಚೆಗೆ ಹೋಗಬೇಕಾದಾಗ ಮುಖವು ಅದರ ಜೊತೆಗೆ ಹೋಗಲಾರದು, ಲೆಕ್ಕವೇ ಹೋಗಬೇಕು. ಆದರೆ ಆ ಲೆಕ್ಕವೂ ಸಂತೆಯ ಹಲಗೆಯಂತೆ ಇಬ್ಬರೂ ಓದುವಂತಹುದಾಗಿರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಆದುದರಿಂದ ಸರಪಣಿ ಲೆಕ್ಕವನ್ನು ತರುವವರ ಮುಂದೆ ಮೂರು ಮಾತುಗಳನ್ನಿಡಬೇಕಾಗಿದೆ. ಮೊದಲನೆಯದು, ಬೆಳೆಗಾರನು ತನ್ನ ಹೆಸರಿನಲ್ಲಿ ಬರೆದುದನ್ನು ತನ್ನ ಭಾಷೆಯಲ್ಲಿ ತಾನೇ ಓದುವಂತಿರಬೇಕು. ಎರಡನೆಯದು, ಕೆಳಗಿನ ಔಷಧಿಯ ದಿನಾಂಕ ಮೇಲಿನವರಿಗೆ ಕಾಣುವಂತೆ, ಮೇಲಿನ ಬೆಲೆ, ತೂಕ, ಕೂಲಿಗಳು ಕೆಳಗಿನವರಿಗೆ ಕಾಣಬೇಕು. ಮೂರನೆಯದು, ಸತ್ಯಕ್ಕೆ ತಗಲುವ ವೆಚ್ಚವನ್ನು ಸತ್ಯವನ್ನು ಬಯಸುವವರೆಲ್ಲರೂ ಹಂಚಿಕೊಳ್ಳಬೇಕು. ಹದಿನೈದು ದಿನ ಕಾದವನಿಗೆ ಕಾದುದರಿಂದ ಆದ ನಷ್ಟವು ಬೆಲೆಯಲ್ಲಿ ತುಂಬಿಬರದಿದ್ದರೆ, ಕಾಯಬೇಕೆಂದು ಅವನಿಗೆ ಬೋಧಿಸುವ ಅಧಿಕಾರವು ಉಂಡು ಕುಳಿತವರಿಗೆ ಎಲ್ಲಿಂದ ಬಂದೀತು? ಒಬ್ಬ ಬಡವನು ನಷ್ಟವನ್ನು ಸಹಿಸಿಯೂ ನಿಜವನ್ನು ಬರೆದರೆ ಅದು ಅವನ ಹಿರಿಮೆ. ಅವನು ಹಾಗೆ ನಷ್ಟಪಡಬೇಕೆಂದೇ ಒಂದು ವ್ಯವಸ್ಥೆಯನ್ನು ಕಟ್ಟಿದರೆ ಅದು ಕಟ್ಟಿದವರ ಕಿರುಮೆ.

ನಾಲ್ಕನೆಯ ಮಾತೊಂದು ನಮಗೆ, ಎಂದರೆ ಉಪಾಧ್ಯಾಯರಿಗೆ, ಸೇರಿದುದು. ಮುಂದಿನ ಬೆಳೆಗಾರನೂ, ಮುಂದಿನ ವ್ಯಾಪಾರಿಯೂ, ಅವನ ಕಡೆಯ ಲೆಕ್ಕದ ಹುಡುಗನೂ, ಯಂತ್ರವನ್ನು ಕಟ್ಟುವ ಇಂಜಿನಿಯರನೂ ಇಂದು ನಮ್ಮ ಮುಂದೆ ಸ್ಲೇಟು ಹಿಡಿದು ಕುಳಿತಿದ್ದಾರೆ. ಅಕ್ಷರವನ್ನು ದುಂಡಗೆ ಬರೆಯುವುದನ್ನು ನಾವು ಅವರಿಗೆ ಕಲಿಸುತ್ತೇವೆ. ಬರೆದ ಅಕ್ಷರಕ್ಕೆ ಬರೆದವನು ಹೊಣೆಯೆಂಬುದನ್ನೂ, ಓದದೆ ರುಜು ಹಾಕಬಾರದೆಂಬುದನ್ನೂ, ತಪ್ಪನ್ನು ಉಜ್ಜದೆ ಗೆರೆಯೆಳೆದು ತಿದ್ದಬೇಕೆಂಬುದನ್ನೂ ಅದರ ಜೊತೆಗೇ ಕಲಿಸಬೇಕು. ಗಣಿತವು ಬರೆದುದನ್ನು ಕಾಯುತ್ತದೆ. ಕಾಯಲು ಯೋಗ್ಯವಾದುದನ್ನು ಬರೆಯುವ ಕೈಯನ್ನು ಗಣಿತವು ಕೊಡಲಾರದು. ಅದು ಮನೆಯಲ್ಲಿಯೂ ಶಾಲೆಯಲ್ಲಿಯೂ ಸಿದ್ಧವಾಗಬೇಕು. ಆ ಕೈಗೆ ಸುಳ್ಳನ್ನು ಬರೆಯಬೇಕಾದ ದಾರಿದ್ರ್ಯವು ಬಾರದಂತೆ ನೋಡಿಕೊಳ್ಳುವುದು ಅನ್ನವನ್ನುಣ್ಣುವ ನಮ್ಮೆಲ್ಲರ ಋಣ.